ಚರ್ಮಶೋಧನೆಯೂ ಶೌಚಧರ್ಮವೂ

ಬಸವನಗುಡಿಯ ಗಾಂಧಿ ಬಜಾರಿನ ಆಸುಪಾಸಿನಲ್ಲಿಯೂ ಮಲ್ಲೇಶ್ವರದ ಸಂಪಿಗೆ ರಸ್ತೆಯ ಮಹಡಿಗಳಲ್ಲಿಯೂ ಈಗ ಮುಖದ ಮೃತಚರ್ಮವನ್ನು ಕಳೆದು ಕಾಂತಿ ತರುವ ಚಿಕಿತ್ಸಾಲಯಗಳು ನೆಲೆಗೊಂಡಿವೆ. ಗ್ಲೈಕಾಲಿಕ್ ಆಮ್ಲವನ್ನು ಕುಂಚದಿಂದ ಹಣೆಗೂ ಕೆನ್ನೆಗೂ ತೆಳುವಾಗಿ ಸವರಿ, ಚುರುಚುರೆನ್ನುವ ಕೆಲವು ನಿಮಿಷಗಳನ್ನು ಗಡಿಯಾರ ನೋಡಿ ಎಣಿಸಿ, ಬಳಿಕ ಸೋಡಾದ್ರವದಿಂದ ಶಮನಗೊಳಿಸುವರು. ಕಬ್ಬಿನಲ್ಲಿಯೂ ಇರುವ ಆ ಆಮ್ಲವು ಸತ್ತ ಕಣಗಳ ಬೆಸುಗೆಯನ್ನು ಸಡಿಲಿಸುತ್ತದೆ. ಅಭ್ಯಂಜನದ ದಿನ ಅಜ್ಜಿಯರು ಹಚ್ಚುತ್ತಿದ್ದ ಕಡಲೆಹಿಟ್ಟು ಮೊಸರುಗಳೂ ಇದೇ ಕಾರ್ಯವನ್ನು ಮಂದಗತಿಯಲ್ಲಿ ಮಾಡುತ್ತಿದ್ದುವು.

ಇದು ಶೌಚವೋ ವ್ಯಾಮೋಹವೋ? ಗೀತೆಯ 13ನೆಯ ಅಧ್ಯಾಯವು ಶೌಚವನ್ನು ಜ್ಞಾನಸಾಧನಗಳ ಸಾಲಿನಲ್ಲಿರಿಸಿದೆ. ಪತಂಜಲಿಯಾದರೋ ಶೌಚದ ಫಲ ಸ್ವದೇಹದಲ್ಲಿ ಅನುರಾಗವಲ್ಲ, ವಿರಕ್ತಿ ಎಂದು ಬಗೆದನು. ತಿಂಗಳೊಂದೆರಡರಲ್ಲಿ ತಾನಾಗಿಯೇ ಉದುರಿ ಹೊಸತಾಗುವ ಹೊರಚರ್ಮವನ್ನು ‘ನಾನು’ ಎಂದು ಹಿಡಿದುಕೊಳ್ಳುವುದು ಹೇಗೆ? ತೈತ್ತಿರೀಯೋಪನಿಷತ್ತು ಎಣಿಸುವ ಐದು ಕೋಶಗಳಲ್ಲಿ ಇದು ಅನ್ನಮಯದ ಅಂಚು ಮಾತ್ರ.

ಹಾಗೆಂದು, ಮೊಡವೆಯ ಕಲೆಯಿಂದ ನೊಂದ ತರುಣಿ ವೈದ್ಯರ ಬಳಿಗೆ ಹೋದರೆ ಅದನ್ನು ಅವಿದ್ಯೆ ಎನ್ನಲಾಗದು. ದೇಹವನ್ನು ಒಪ್ಪವಾಗಿಟ್ಟುಕೊಳ್ಳುವುದೂ ಗೃಹಸ್ಥಧರ್ಮವೇ. ಮಲವಲ್ಲದುದನ್ನು ಮಲವೆಂದು ಬಗೆದು, ಹುಟ್ಟಿನಿಂದ ಬಂದ ಬಣ್ಣವನ್ನೇ ಕೆರೆದು ತೆಗೆಯಹೊರಡುವಲ್ಲಿ ದೋಷವಿದೆ. ಎಣ್ಣೆಯ ಲೇಪದಿಂದ ಕರ್ರಗಾದ, ಬಸವನಗುಡಿಯ ದೊಡ್ಡಬಸವಣ್ಣನ ಶಿಲಾಮೂರ್ತಿಯ ಮುಂದೆ ಕೈಮುಗಿಯುವ ಜನರೇ ಮಗಳ ಕಪ್ಪಿಗೆ ನಾಚುವುದಾದರೆ, ಶೋಧಿಸಬೇಕಾದದ್ದು ಆಕೆಯ ಕೆನ್ನೆಯನ್ನಲ್ಲ, ನೋಡುವವರ ಬುದ್ಧಿಯನ್ನು.