ಕಾಯಕಕ್ಕೆ ಮಿತಿಯುಂಟೆ?

ಸಿದ್ಧಗಂಗೆಯ ಬೆಟ್ಟದ ಸಮೀಪದ ಕ್ಯಾತ್ಸಂದ್ರದಲ್ಲಿ ಬೆಳಕು ಹರಿಯುವುದಕ್ಕೆ ಮೊದಲೇ ರೈಲು ನಿಲ್ದಾಣದ ಕಡೆಗೂ ಹೆದ್ದಾರಿಯ ಕಡೆಗೂ ಬಿರುಬಿರನೆ ನಡೆಯುವ ತರುಣ ತರುಣಿಯರು ಕಾಣಬರುವರು. ಇವರು ಬೆಂಗಳೂರಿನ ಕಚೇರಿಗಳಿಗೆ ದಿನವೂ ಹೋಗಿಬರುವ ಉದ್ಯೋಗಸ್ಥರು. ಸಂಜೆ ಮಠದಲ್ಲಿ ಪ್ರಾರ್ಥನೆ ಮುಗಿದು ಬಾಲಕರು ದಾಸೋಹದ ಪಂಕ್ತಿಯಲ್ಲಿ ಕುಳಿತಾಗಲೂ ಇವರಲ್ಲಿ ಅನೇಕರು ಮನೆ ಸೇರಿರುವುದಿಲ್ಲ. ಸೇರಿದ ಮೇಲೂ ಕಚೇರಿ ಅವರನ್ನು ಬಿಡದು. ಅಂಗೈಯ ಮೊಬೈಲಿನ ಮೂಲಕ ಊಟದ ಎಲೆಯವರೆಗೂ ಹಿಂಬಾಲಿಸಿ ಬರುವುದು.

ದುಡಿಮೆ ಶ್ರೇಷ್ಠವೆಂಬುದರಲ್ಲಿ ವಿವಾದವಿಲ್ಲ. ವಿಚಾರಣೀಯವಾದುದು ಬೇರೊಂದು. ಆ ದುಡಿಮೆಗೆ ಮಿತಿಯುಂಟೆ? ಉಂಟಾದರೆ, ಅದನ್ನು ಮೀರಿ ದುಡಿದು ಮನಸ್ಸು ಕುಸಿದವನನ್ನು ಅಶಕ್ತನೆಂದು ಕರೆಯುವುದು ನ್ಯಾಯವೆ?

ಮಿತಿಯಿಲ್ಲವೆಂಬ ಪಕ್ಷಕ್ಕೆ ಆಧಾರಗಳು ಇಲ್ಲದಿಲ್ಲ. ದೇಶವು ಮುಂದುವರಿಯಬೇಕಾದರೆ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಹೇಳಿದರು. ಕಾಯಕವನ್ನು ಕೈಲಾಸಕ್ಕೆ ಸಮವೆಂದ ನಾಡಿನಲ್ಲಿ ಗಂಟೆಗಳ ಲೆಕ್ಕವೇಕೆಂದು ಮತ್ತೆ ಕೆಲವರು ಕೇಳುವರು. 2019ರಲ್ಲಿ 111 ವರ್ಷದ ವಯಸ್ಸಿನಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳನ್ನು ನಿದರ್ಶನವಾಗಿ ತೋರಿಸುವರು. ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡೆಂಬ ಗೀತೋಪದೇಶವನ್ನೂ ಮುಂದಿಡುವರು.

ಮೊದಲನೆಯದನ್ನು ಗಣಿತದಿಂದ ಪರೀಕ್ಷಿಸಬಹುದು. ಎಪ್ಪತ್ತು ಗಂಟೆಯನ್ನು ಆರು ದಿನಗಳಿಗೆ ಹಂಚಿದರೆ ದಿನಕ್ಕೆ 11 ಗಂಟೆ 40 ನಿಮಿಷವಾಗುವುದು. ಕ್ಯಾತ್ಸಂದ್ರದಿಂದ ಹೋಗಿಬರುವವನಿಗೆ ಪ್ರಯಾಣಕ್ಕೆ ನಾಲ್ಕು ಗಂಟೆಯೆಂದಿಟ್ಟರೆ ಉಳಿಯುವುದು 8 ಗಂಟೆ 20 ನಿಮಿಷ. ನಿದ್ರೆ, ಸ್ನಾನ, ಊಟ, ತಂದೆತಾಯಿಗಳೊಡನೆ ಮಾತು, ಮಕ್ಕಳ ಮುದ್ದು, ದೇವರ ಸ್ಮರಣೆ, ಎಲ್ಲವೂ ಇದರೊಳಗೇ ಅಡಗಬೇಕು. ಅಡಗದಿದ್ದಾಗ ಮೊದಲು ಕಳೆದುಹೋಗುವುದು ನಿದ್ರೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಮೇಲ್ಪಟ್ಟು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಭಯ ನೂರಕ್ಕೆ 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಪ್ರಕಟಿಸಿದುವು. ಉದ್ಯೋಗದಿಂದುಂಟಾಗುವ ತೀವ್ರ ಬಳಲಿಕೆಯನ್ನು ಅದೇ ಆರೋಗ್ಯ ಸಂಸ್ಥೆ 2019ರಲ್ಲಿ ರೋಗವೆಂದು ಎಣಿಸದೆ, ಕೆಲಸದ ಸ್ಥಳದ ಒತ್ತಡಕ್ಕೆ ಪರಿಹಾರ ದೊರೆಯದೆ ಹೋದುದರ ಪರಿಣಾಮವೆಂದು ನಿರೂಪಿಸಿತು. ಕಾರಣವು ಕೆಲಸದ ಏರ್ಪಾಡಿನಲ್ಲಿರುವಾಗ ದೋಷವನ್ನು ಕೆಲಸಗಾರನ ಸ್ವಭಾವದಲ್ಲಿ ಹುಡುಕುವುದು ಸಲ್ಲದು.

ಇನ್ನು ಸ್ವಾಮಿಗಳ ನಿದರ್ಶನ. ಅವರ ದುಡಿಮೆ ತಾವೇ ವರಿಸಿದುದು. ಅದರ ಫಲವು ಉಂಡು ಓದುವ ಸಾವಿರಾರು ಬಾಲಕರ ರೂಪದಲ್ಲಿ ದಿನವೂ ಕಣ್ಣೆದುರಿಗಿತ್ತು. ಅವರ ದಿನದಲ್ಲಿ ಇಷ್ಟಲಿಂಗಪೂಜೆಗೆ ಮೀಸಲಾದ ಹೊತ್ತನ್ನು ಯಾರೂ ಕಸಿಯುತ್ತಿರಲಿಲ್ಲ. ಯಾವ ಕೆಲಸ, ಯಾರಿಗಾಗಿ, ನಾಳೆ ತಾನಿಲ್ಲಿರುವೆನೋ ಇಲ್ಲವೋ ಎಂಬುದೊಂದೂ ತಿಳಿಯದೆ ದುಡಿಯುವವನಿಗೆ ಈ ಹೋಲಿಕೆ ಹೊಂದದು. ಫಲತ್ಯಾಗವಾದರೋ ಕರ್ತೃವು ತನ್ನ ಶ್ರೇಯಸ್ಸಿಗಾಗಿ ಕೈಕೊಳ್ಳುವ ಸಾಧನೆ. ಒಡೆಯನು ಅದನ್ನು ಆಳಿಗೆ ಬೋಧಿಸಿ, ಅವನು ಬಿಟ್ಟ ಫಲವನ್ನು ತಾನು ಕೂಡಿಟ್ಟುಕೊಂಡರೆ ಅದು ವೇದಾಂತವಲ್ಲ, ವ್ಯಾಪಾರ. ಅತಿಯಾಗಿ ಉಣ್ಣುವವನಿಗೂ ಉಣ್ಣದವನಿಗೂ, ಅತಿಯಾಗಿ ನಿದ್ರಿಸುವವನಿಗೂ ನಿದ್ರೆಗೆಡುವವನಿಗೂ ಯೋಗವು ಸಿದ್ಧಿಸದೆಂಬ ತಾತ್ಪರ್ಯ ಅದೇ ಗೀತೆಯ ಆರನೆಯ ಅಧ್ಯಾಯದಲ್ಲಿರುವುದನ್ನು ಇವರು ಮರೆಯುವರು.

ಕಾಯಕದ ಮಿತಿಯನ್ನು ಬೋಧಿಸುವ ಕಥೆ ಶರಣರಲ್ಲಿಯೇ ಉಂಟು. ಕಲ್ಯಾಣದಲ್ಲಿ ಅಂಗಳದೊಳಗೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಹೆಂಡತಿ ಲಕ್ಕಮ್ಮನು ಹಿಗ್ಗಲಿಲ್ಲ. ಈ ಅತಿಯಾಸೆ ಎಲ್ಲಿಂದ ಬಂದಿತೆಂದು ಕೇಳಿ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಸಾಕೆಂಬ ಮಾತು ಬಂದುದು ಅರಸನಿಂದಲ್ಲ, ಒಡೆಯನಿಂದಲ್ಲ, ಮನೆಯಿಂದ.

ಕಾನೂನಿನ ಕರ್ತವ್ಯ ಇದರಿಂದ ಕಡಿಮೆಯಾಗದು. ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ಗಂಟೆಯ ಮಿತಿಯನ್ನು ಕಾರ್ಮಿಕ ಸಂಸ್ಥೆಯು 1919ರಲ್ಲಿಯೇ ತನ್ನ ಮೊದಲ ಒಡಂಬಡಿಕೆಯಲ್ಲಿ ಉದ್ಯಮಗಳಿಗೆ ವಿಧಿಸಿತ್ತು. ನೂರು ವರ್ಷಗಳು ಕಳೆದ ಮೇಲೆ, 2024ರಲ್ಲಿ, ಕರ್ನಾಟಕದ ಐ.ಟಿ. ನೌಕರರನ್ನು ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಎಡೆಗೊಡುವ ಸಲಹೆಯೊಂದು ಬಂದುದೂ, ನೌಕರರ ಸಂಘವು ಅದನ್ನು ವಿರೋಧಿಸಿದುದೂ ಎಚ್ಚರಿಕೆಯ ಸಂಗತಿಗಳೇ. ಆದರೆ ಕಾನೂನು ಕಚೇರಿಯ ಬಾಗಿಲವರೆಗೆ ಬರಬಲ್ಲುದು; ಮನೆಯೊಳಗಿನ ಮಾತನ್ನು ಅದು ತಿದ್ದಲಾರದು.

ಆ ಮಾತು ಇಂದು ಎಂತಹುದು? ಮಗನು ರಾತ್ರಿ ನಿದ್ರೆ ಬಾರದೆ ಎದ್ದು ಕುಳಿತು, ಇನ್ನಾಗದೆಂದು ಹೇಳಿದರೆ, ತಮ್ಮ ಕಾಲದಲ್ಲಿ ತಾವು ಕಷ್ಟಪಡಲಿಲ್ಲವೇ ಎಂದು ತಂದೆ ಕೇಳುವನು. ಮನೆಯ ಸಾಲದ ಕಂತು ನೆನಪಾಗುವುದು. ನಿಂತ ಸಂಬಂಧ ತಪ್ಪೀತೆಂದು ತಾಯಿ ಹೆದರುವಳು. ಮಗಳು ವೈದ್ಯರನ್ನು ಕಾಣುವೆನೆಂದರೆ ಜನರೇನೆಂದಾರೆಂಬ ಚಿಂತೆ. ಕಷ್ಟಪಟ್ಟುದು ನಿಜ, ಆದರೆ ಅಂದಿನ ಕಷ್ಟಕ್ಕೆ ಸಂಜೆಯೆಂಬುದೊಂದಿತ್ತು. ಹಿರಿಯರು ಪ್ರೀತಿಯಿಲ್ಲದೆ ಹೀಗೆನ್ನುವುದಿಲ್ಲ. ಪ್ರೀತಿಯಿಂದ ಆಡಿದ ಮಾತೇ ಆ ಮಗುವಿಗಿದ್ದ ಕೊನೆಯ ಬಾಗಿಲನ್ನು ಮುಚ್ಚುವುದೆಂಬುದೇ ದುಃಖದ ವಿಷಯ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನಸ್ಸಿನ ಚಿಕಿತ್ಸೆಗೆ ಏರ್ಪಾಡಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಪಡೆಯಬಹುದು. ಆದರೂ ಮೊದಲ ಚಿಕಿತ್ಸೆ ಮನೆಯಲ್ಲಿಯೇ ಆರಂಭವಾಗತಕ್ಕದ್ದು. ತಂದ ಅಕ್ಕಿಯ ಅಳತೆಗೆ ಮೊದಲು ತಂದವನ ಮುಖವನ್ನು ನೋಡಿ, ಇಷ್ಟು ಸಾಕೆಂದು ಹೇಳುವ ಲಕ್ಕಮ್ಮನೊಬ್ಬಳು ಪ್ರತಿಯೊಂದು ಮನೆಯಲ್ಲಿಯೂ ಇರಬೇಕಾದ ಕಾಲವಿದು.