ಮಗುವಿನ ಪಾಠವನ್ನು ಕಲಿಯತಕ್ಕವರು ಯಾರು?

ಮಕ್ಕಳನ್ನು ಶಾಲೆಗೆ ಕಳುಹಿಸಬೇಕೋ ಬೇಡವೋ ಎಂಬ ಚರ್ಚೆಯು ನಮ್ಮ ಹಳ್ಳಿಗಳಲ್ಲಿ ಬಹುಮಟ್ಟಿಗೆ ಮುಗಿದುಹೋಗಿದೆ. ಬಡವನು ಸಾಲಮಾಡಿಯಾದರೂ ಕಳುಹಿಸುತ್ತಾನೆ. ಆದರೆ ಮಗು ಸಂಜೆ ಮನೆಗೆ ಬಂದು, ಚೀಲವನ್ನು ಮೂಲೆಗಿಟ್ಟು, "ಅಪ್ಪಾ, ಈ ಲೆಕ್ಕ ನನಗೆ ಬರುವದಿಲ್ಲ" ಎಂದು ಹೇಳುವಾಗ ಮನೆಯವರು ಮಾಡತಕ್ಕದ್ದೇನೆಂಬದನ್ನು ಕುರಿತು ನಾವು ಸಾಕಷ್ಟು ಯೋಚಿಸಿದವರಲ್ಲ. ಕೆಲವರು ತಾವೇ ಲೆಕ್ಕವನ್ನು ಮಾಡಿ ಕೊಡುತ್ತಾರೆ. ಕೆಲವರು ಗೈಡಿನಲ್ಲಿಯೋ ಮೊಬೈಲಿನಲ್ಲಿಯೋ ಉತ್ತರವನ್ನು ಹುಡುಕಿ, "ಬರೆದುಕೋ" ಅನ್ನುತ್ತಾರೆ. ಓದು ಬಾರದವರು, "ನಮಗೇನು ತಿಳಿದೀತು, ಮಾಸ್ತರರನ್ನು ಕೇಳು" ಎಂದು ಸುಮ್ಮನಾಗುತ್ತಾರೆ. ಮೊದಲಿನ ಎರಡು ತರದವರು ಮಾಡುವದು ಸಹಾಯವೇ ಅಲ್ಲವೆಂದೂ, ಮೂರನೆಯವರಿಗೆ ಸಹಾಯಮಾಡುವ ಶಕ್ತಿ ಇದ್ದು ಅದನ್ನು ಅವರು ಅರಿಯರೆಂದೂ ನಮ್ಮ ಅಭಿಪ್ರಾಯ.

ಇದಕ್ಕೆ ಒಂದು ಆಕ್ಷೇಪಣೆ ಉಂಟು. ಕೂಸು ಅಳುತ್ತಾ ಕೂತಿರುವಾಗ ಬರೆದುಕೊಟ್ಟರೆ ತಪ್ಪೇನು? ದಣಿದವನ ತಲೆಯ ಮೇಲಿನ ಹೊರೆಯನ್ನು ಇಳಿಸಿಕೊಳ್ಳುವದು ಧರ್ಮವಲ್ಲವೋ? ಧರ್ಮವೇ ಸರಿ. ಸೌದೆಯ ಹೊರೆಯನ್ನು ಮಗನ ಬದಲಾಗಿ ತಂದೆಯು ಹೊತ್ತರೆ ಸೌದೆಯು ಮನೆಗೆ ಬಂದೇ ಬರುವದು, ಒಲೆಯು ಉರಿಯುವದು. ಪಾಠವು ಅಂಥ ಹೊರೆಯಲ್ಲ, ಅದು ಊಟದಂಥದು. ಮಗನ ಬದಲಾಗಿ ತಂದೆಯು ಉಂಡರೆ ಮಗನ ಹಸಿವು ಹೋಗದು. ಇನ್ನೊಂದು ಕೇಡು ಇದಕ್ಕಿಂತ ದೊಡ್ಡದು. ಮಗುವಿನ ಪಟ್ಟಿಯಲ್ಲಿರುವ ತಪ್ಪು ಉತ್ತರವು ಉಪಾಧ್ಯಾಯರನ್ನು ಕೂಗಿ ಕರೆಯುವ ಧ್ವನಿಯಾಗಿದೆ. ಇಲ್ಲಿ ನನಗೆ ತಿಳಿಯಲಿಲ್ಲ, ಬನ್ನಿ, ಎಂದು ಅದು ಹೇಳುತ್ತದೆ. ನಾವು ಸರಿಯುತ್ತರವನ್ನು ಬರೆದುಕೊಟ್ಟೆವಾದರೆ ಆ ಬಾಯಿಗೆ ಬಟ್ಟೆ ತುರುಕಿದ ಹಾಗಾಯಿತು. ಮಾಸ್ತರರು ಸರಿ ಗುರುತು ಹಾಕಿ ಮುಂದಿನ ಪಾಠಕ್ಕೆ ಹೋಗುವರು. ತಾನು ಮಾಡದ್ದನ್ನು ತನ್ನದೆಂದು ತೋರಿಸುವ ಅಭ್ಯಾಸವೂ ಮಗುವಿಗೆ ಮನೆಯಲ್ಲಿಯೇ ಆಗುವದು, ಅದೂ ಹೆತ್ತವರ ಕೈಯಿಂದ.

ಇದರ ಫಲವೇನೆಂದು ನೋಡುವದಕ್ಕೆ ದೂರ ಹೋಗಬೇಕಾಗಿಲ್ಲ. ಕರ್ನಾಟಕದಲ್ಲಿ 2023ನೇ ಇಸವಿಯ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನೂರಕ್ಕೆ 83.89 ಮಂದಿ ತೇರ್ಗಡೆಯಾದರು. 2024ರಲ್ಲಿ ನಕಲನ್ನು ತಡೆಯುವದಕ್ಕಾಗಿ ಪರೀಕ್ಷೆಯ ಕೋಣೆಗಳಲ್ಲಿ ಕ್ಯಾಮೆರಾಗಳನ್ನು ಇಟ್ಟು ದೂರದಿಂದಲೇ ನೋಡುವ ಏರ್ಪಾಡಾಯಿತು; ಮೊದಲನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದವರು ನೂರಕ್ಕೆ 73.40 ಮಂದಿ. ಅದಾದರೂ ಕೃಪಾಂಕವನ್ನು ನೂರಕ್ಕೆ 10ರಿಂದ 20ಕ್ಕೆ ಏರಿಸಿದ ಮೇಲೆ! ಇದಕ್ಕೆ ಬೇರೆ ಕಾರಣಗಳೂ ಇರಬಹುದು. ಹೇಗಾದರೂ ಆ ಮಕ್ಕಳನ್ನು ನಿಂದಿಸುವದು ನಮಗೆ ಸರಿಯೆಂದು ತೋರುವದಿಲ್ಲ. ವರುಷಗಟ್ಟಲೆ ಹಿರಿಯರು ಎತ್ತಿಕೊಂಡು ಹೋದ ಕೂಸನ್ನು ಒಂದು ದಿನ ನಡುದಾರಿಯಲ್ಲಿ ಇಳಿಸಿ, ನಡೆ ಎಂದರೆ ಅದು ಎಡವುವದು.

ಹಾಗಾದರೆ ನಿಜವಾದ ಸಹಾಯ ಯಾವದು? ಒಂದು ದೃಷ್ಟಾಂತವನ್ನು ಹೇಳುವೆವು. 52ರಲ್ಲಿ 27ನ್ನು ಕಳೆಯಬೇಕೆಂದು ಲೆಕ್ಕ ಕೊಟ್ಟರೆ ಅನೇಕ ಮಕ್ಕಳು 35 ಎಂದು ಬರೆಯುತ್ತಾರೆ. ಇದು ಅಜಾಗ್ರತೆಯಲ್ಲ, ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂದು ಕೇಳಿದ್ದರಿಂದ, 2ರಲ್ಲಿ 7 ಹೋಗದೆಂದು ಕಂಡು, 7ರಲ್ಲಿ 2ನ್ನು ಕಳೆದು 5 ಎಂದಿಡುತ್ತಾರೆ. ಆ ತಪ್ಪಿನಲ್ಲಿಯೂ ಒಂದು ಬುದ್ಧಿ ಇದೆ. ಇಂಥ ಮಗುವಿಗೆ ಬೈದರೂ ಪ್ರಯೋಜನವಿಲ್ಲ, 25 ಎಂದು ಹೇಳಿಕೊಟ್ಟರೂ ಪ್ರಯೋಜನವಿಲ್ಲ. ಕಸಬರಿಕೆಯ ಕಡ್ಡಿಗಳನ್ನು ಮುರಿದು ಹತ್ತು ಹತ್ತರ ಐದು ಕಟ್ಟುಗಳನ್ನು ಕಟ್ಟಿರಿ. ಎರಡು ಕಡ್ಡಿಗಳನ್ನು ಬಿಡಿಯಾಗಿಡಿರಿ. "ಇದರಲ್ಲಿ ನನಗೆ ಇಪ್ಪತ್ತೇಳು ಕೊಡು" ಅನ್ನಿರಿ. ಮಗು ಎರಡು ಕಟ್ಟುಗಳನ್ನು ಕೊಟ್ಟೀತು. ಬಿಡಿಯಾಗಿರುವ ಎರಡನ್ನೂ ಕೊಟ್ಟೀತು. ಇನ್ನೂ ಐದು ಬೇಕಲ್ಲಾ ಎಂದು ತಡೆದು ನಿಂತೀತು. ಆಗ ನೀವು ಬಾಯಿ ತೆರೆಯಬೇಡಿರಿ. ಇದೇ ಕಠಿಣವಾದ ಕೆಲಸ, ಯಾಕಂದರೆ ಉತ್ತರ ಬಲ್ಲವನಿಗೆ ಸುಮ್ಮನಿರುವದು ಬಹು ಕಷ್ಟ. ಸ್ವಲ್ಪ ಹೊತ್ತಿನ ಮೇಲೆ ಮಗು ತಾನೇ ಒಂದು ಕಟ್ಟನ್ನು ಬಿಚ್ಚುವದು. ಕಟ್ಟನ್ನು ಬಿಚ್ಚಿದ ಆ ಕೈಯು ಹತ್ತರ ಮನೆಯಿಂದ ಸಾಲ ತರುವದೆಂದರೇನೆಂಬದನ್ನು ಮರೆಯದು.

ಓದುವ ಪಾಠದಲ್ಲಿ ಅಕ್ಷರ ಬಾರದ ತಾಯಿಗೂ ಕೆಲಸವುಂಟು. ಮಕ್ಕಳು ಪಾಠವನ್ನು ಬಾಯಿಪಾಠಮಾಡಿ, ಪುಸ್ತಕದ ಮೇಲೆ ಕಣ್ಣಿಟ್ಟು ಗಳಗಳನೆ ಒಪ್ಪಿಸುತ್ತಾರೆ. ಕೇಳುವವರು ಓದುತ್ತಿದ್ದಾರೆಂದು ಸಂತೋಷಪಡುತ್ತಾರೆ. ತಾಯಿಯು ಅಕ್ಕಿ ಆರಿಸುತ್ತಾ ಕೂತು, ಪುಟದ ನಡುವೆ ಎಲ್ಲಿಯಾದರೂ ಬೆರಳಿಟ್ಟು, "ಇಲ್ಲಿ ಏನಿದೆ?" ಎಂದು ಕೇಳಲಿ. ಬಾಯಿಪಾಠದವನು ಮೊದಲಿನಿಂದ ಹೇಳಿಕೊಂಡು ಬಾರದೆ ಅಲ್ಲಿಗೆ ಮುಟ್ಟಲಾರನು. ಓದಿ ಮುಗಿದ ಮೇಲೆ, "ಆ ಮುದುಕನು ಯಾಕೆ ಹಾಗೆ ಮಾಡಿದ? ನನಗೆ ತಿಳಿಯಲಿಲ್ಲ, ಬಿಡಿಸಿ ಹೇಳು" ಅನ್ನಲಿ. ತಿಳಿಯದ ತಾಯಿಗೆ ತಿಳಿಯುವಂತೆ ಹೇಳಬೇಕಾದ ಮಗುವು ತಾನು ಮೊದಲು ತಿಳಿಯಲೇ ಬೇಕು. ಬಲ್ಲವರು ಮಾಡಲಾರದ ಸಹಾಯವಿದು.

ಬೇರೆ ಪಾಠಗಳ ವಿಷಯ ಸಂಕ್ಷೇಪವಾಗಿ ಹೇಳುವೆವು. ಭೂಗೋಳವನ್ನು ಊರ ಹಳ್ಳದಿಂದ ಆರಂಭಿಸಬಹುದು. ಧಾರವಾಡ ಸೀಮೆಯ ಬೆಣ್ಣೆಹಳ್ಳದ ನೀರು ಮಲಪ್ರಭೆಗೂ, ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಗೂ ಸೇರಿ ಮೂಡಣ ಸಮುದ್ರಕ್ಕೆ ಹೋಗುವದನ್ನು ನಕಾಶೆಯ ಮೇಲೆ ಬೆರಳಿನಿಂದ ಹಿಂಬಾಲಿಸಲಿ. ವಿಜ್ಞಾನಕ್ಕೆ ಹಸಿಬಟ್ಟೆಯಲ್ಲಿ ಒಂದು ಹಿಡಿ, ಒಣಬಟ್ಟೆಯಲ್ಲಿ ಒಂದು ಹಿಡಿ ಹೆಸರುಕಾಳು ಸಾಕು. ಇಂಗ್ಲಿಷಿನ ಶಬ್ದಗಳೂ ಮಗ್ಗಿಯೂ ನೆನಪಿಗೆ ಸೇರಿದವು. ನೆನಪನ್ನು ಕುರಿತು ಜರ್ಮನಿ ದೇಶದ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ತನ್ನನ್ನೇ ಪರೀಕ್ಷಿಸಿಕೊಂಡು 1885ರಲ್ಲಿ ಪ್ರಕಟಿಸಿದ್ದೇನಂದರೆ, ಕಲಿತದ್ದು ಮೊದಲಿನ ಕೆಲವು ತಾಸುಗಳಲ್ಲಿಯೇ ಬೇಗನೆ ಮರೆತುಹೋಗುವದು, ಆಮೇಲೆ ನಿಧಾನವಾಗಿ; ಒಂದೇ ಸಾರಿ ಬಹಳ ಹೇಳುವದಕ್ಕಿಂತ ದಿನ ಬಿಟ್ಟು ದಿನ ಹೇಳುವದು ಹೆಚ್ಚು ನಿಲ್ಲುವದು. ಆದಕಾರಣ ಪರೀಕ್ಷೆಯ ಹಿಂದಿನ ರಾತ್ರಿ ಮಗುವನ್ನು ನಿದ್ದೆಗೆಡಿಸುವದು ವ್ಯರ್ಥ. ಹೊಲಕ್ಕೆ ಹೋಗುವ ದಾರಿಯಲ್ಲಿ ಏಳರ ಮಗ್ಗಿಯನ್ನು ಇಂದು ಒಂದು ಸಾರಿ, ನಾಳೆ ಒಂದು ಸಾರಿ, ಮುಂದಿನ ವಾರ ಒಂದು ಸಾರಿ ಹೇಳಿಸಿದರೆ ಖರ್ಚೂ ಇಲ್ಲ, ಕಣ್ಣೀರೂ ಇಲ್ಲ.

ಒಂದು ಪಾಠದಲ್ಲಿ ಹಿಂದುಳಿದ ಮಗುವನ್ನು ದಡ್ಡನೆನ್ನುವ ರೂಢಿಯನ್ನು ಮಾತ್ರ ನಾವು ಸಹಿಸಲಾರೆವು. ಲೆಕ್ಕ ಬಾರದಿದ್ದರೆ ಲೆಕ್ಕ ಬಾರದೆಂದು ಹೇಳಿರಿ; ಇಡೀ ಮನುಷ್ಯನಿಗೆ ಹೆಸರಿಡಬೇಡಿರಿ.

ಮನೆಯ ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವದು ಒಳ್ಳೇದು. ಮದ್ರಾಸಿನ ಎಗ್ಮೋರಿನಲ್ಲಿದ್ದ ಅನಾಥಾಲಯಕ್ಕೆ 1789ರಲ್ಲಿ ಮೇಲ್ವಿಚಾರಕನಾದ ಆಂಡ್ರೂ ಬೆಲ್ ಎಂಬವನು, ಈ ದೇಶದ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದು, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸಿದನು. 1797ರಲ್ಲಿ ಲಂಡನಿನಲ್ಲಿ ಅದರ ವಿವರವನ್ನು ಅಚ್ಚುಹಾಕಿಸಲಾಗಿ ಇಂಗ್ಲೆಂಡಿನ ಎಷ್ಟೋ ಶಾಲೆಗಳು ಆ ಕ್ರಮವನ್ನು ಹಿಡಿದವು. ಆದರೆ ನಮ್ಮ ಮನೆಗಳಲ್ಲಿ ಈ ಕೆಲಸವು ಯಾರ ಪಾಲಿಗೆ ಬರುವದು? ಅಕ್ಕನ ಪಾಲಿಗೆ. ತಮ್ಮನಿಗೆ ಮಗ್ಗಿ ಹೇಳಿಕೊಟ್ಟು, ನೀರು ತಂದು, ರೊಟ್ಟಿಗೆ ಹಿಟ್ಟು ನಾದಿ ಬರುವಷ್ಟರಲ್ಲಿ ಅವಳ ಕಣ್ಣು ಮುಚ್ಚಿಹೋಗುವದು. ಮರುದಿನ ಶಾಲೆಯಲ್ಲಿ ಪಾಠ ಬಾರದೆ ನಿಲ್ಲುವವಳೂ ಅವಳೇ. ಅವಳು ತಮ್ಮನಿಗೆ ಕೊಟ್ಟ ಹೊತ್ತನ್ನು ಮನೆಯವರು ಅವಳಿಗೆ ತಿರಿಗಿ ಕೊಡತಕ್ಕದ್ದು. ಆ ಹೊತ್ತಿನಲ್ಲಿ ಪಾತ್ರೆಗಳನ್ನು ತಮ್ಮನು ತಿಕ್ಕಬಹುದು. ಅಪ್ಪನಿಗೂ ಎರಡು ಕೈಗಳುಂಟು.