ಕೊಟ್ಟರೂ ಕುಂದದ ಸ್ವತ್ತು

ವಿದ್ಯೆಯು ಕೊಟ್ಟಷ್ಟೂ ಹೆಚ್ಚುವುದೆಂದು ಹಿರಿಯರು ಹೇಳುವರು. ಹಾಗಾದರೆ, ಕೊಟ್ಟರೂ ಕುಂದದ ವಸ್ತುವನ್ನು ಕರ್ತೃವಿನ ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳುವುದು ಕಳವೆನಿಸುವುದೆ? 1975ರಲ್ಲಿ ಅಮೆರಿಕದ ಹವ್ಯಾಸಿಗಳು ಆಲ್ಟೇರ್ 8800 ಎಂಬ ಗಣಕಯಂತ್ರವನ್ನು ಬೆಲೆಗೆ ತಂದು ಮನೆಯಲ್ಲಿಯೇ ಜೋಡಿಸಿಕೊಂಡರು. ಅದಕ್ಕೆ ಆಜ್ಞೆಗಳನ್ನು ಬರೆಯಲು ಬೇಕಾದ ಬೇಸಿಕ್ ತಂತ್ರಾಂಶವನ್ನಾದರೋ ಹಲವರು ರಂಧ್ರಗಳುಳ್ಳ ಕಾಗದದ ಸುರುಳಿಗಳಲ್ಲಿ ಪ್ರತಿಮಾಡಿ ಗೆಳೆಯರಿಗೆ ಹಂಚಿದರು. 1976ರ ಫೆಬ್ರವರಿಯಲ್ಲಿ ಅದರ ಕರ್ತೃಗಳಲ್ಲೊಬ್ಬರಾದ ಬಿಲ್ ಗೇಟ್ಸ್ ಬಹಿರಂಗಪತ್ರ ಬರೆದು ಇದನ್ನು ಕಳವೆಂದರು. ಹಂಚಿದವರು ಸ್ನೇಹಧರ್ಮವೆಂದು ಬಗೆದರು. ಅದೇ ವರ್ಷ ಟಾಮ್ ಪಿಟ್‌ಮನ್ ತಮ್ಮ ಟೈನಿ ಬೇಸಿಕ್ಕನ್ನು 5 ಡಾಲರಿಗೆ ಮಾರಿ, ದುಬಾರಿಯೆಂಬ ನೆಪವನ್ನೇ ತೊಡೆದರು. ಪ್ರತಿಯಿಂದ ವಸ್ತು ಸವೆಯದು, ನಿಜ. ಆದರೆ ಅದನ್ನು ರಚಿಸಿದವನ ದಿನಗಳು ಸವೆದಿರುತ್ತವೆ. ಹಂಚುವುದು ಔದಾರ್ಯವೇ ಸರಿ; ತನ್ನದನ್ನು ಹಂಚಿದಾಗ ಮಾತ್ರ ಅದಕ್ಕೆ ಆ ಹೆಸರು ಸಲ್ಲುವುದು.